ಕೋವಿ ತಗೊಳ್ಳಿ, ತೋಟೆ ಬಿಟ್ಟುಬಿಡಿ

ನಮಸ್ಕಾರ. ಹೋದ ಶನಿವಾರ ಬೆಳಿಗ್ಗೆ ಏಳೂವರೆಗೆ ನಾನು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಹಳ್ಳಿಯಲ್ಲಿ, ಗುರುತು ಪರಿಚಯ ಇಲ್ಲದವರ ಮನೆಯಂಗಳದಲ್ಲಿ ನಿಂತಿದ್ದೆ. ಕೈಯಲ್ಲಿ 214 ಅಂತ ಬರೆದ ರಟ್ಟಿನ ಚೀಟಿ. ಮೂಲೆಯಲ್ಲಿ ಊರಿನ ಫೈರ್ ಕಂಪನಿಗೆ, ಅಂದರೆ ಅಗ್ನಿಶಾಮಕ ದಳಕ್ಕೆ, ದುಡ್ಡು ಕೂಡಿಸಲು ಹೆಂಗಸರು ಚಿಕನ್ ಕಾರ್ನ್ ಸೂಪ್ ಮಾರುತ್ತಿದ್ದರು. ಅಂಗಳದ ತುಂಬಾ ಮೇಜುಗಳು. ಒಂದರ ಮೇಲೆ ಪಿಂಗಾಣಿ, ಒಂದರ ಮೇಲೆ ಸುತ್ತಿಗೆ, ಸ್ಪಾನರ್. ಶೆಡ್ ಒಳಗಿನ ನಾಲ್ಕು ಉದ್ದ ಮೇಜುಗಳ ಮೇಲೆ ಐವತ್ತು ಚಿಲ್ಲರೆ ಕೋವಿಗಳು. ಮನೆಯ ಯಜಮಾನರು ನಲವತ್ತು ವರ್ಷ ಕೂಡಿಹಾಕಿದ್ದು. ಅವರು ಚಳಿಗಾಲದಲ್ಲಿ ತೀರಿಕೊಂಡರಂತೆ. ಮಕ್ಕಳಿಗೆ ಬೇಡ. ಹಾಗಾಗಿ ಹರಾಜು.

ಇಲ್ಲಿ ಇದಕ್ಕೆ ಎಸ್ಟೇಟ್ ಆಕ್ಷನ್ ಅಂತಾರೆ. ಎಸ್ಟೇಟ್ ಅಂದರೆ ಕಾಫಿ ಎಸ್ಟೇಟ್ ಅಲ್ಲ, ಸತ್ತವರು ಬಿಟ್ಟುಹೋದ ಆಸ್ತಿ. ನಾನು ಮಲೆನಾಡಿನವನು. ಅಜ್ಜನ ಹತ್ತಿರ ಒಂಟಿ ನಳಿಗೆಯ ತೋಟೆ ಕೋವಿ ಇತ್ತು, ಲೈಸೆನ್ಸ್ ಇಟ್ಟುಕೊಂಡು. ತೋಟೆ ಅಂದರೆ ಮದ್ದು, ಗುಂಡು ಎರಡೂ ತುಂಬಿದ ಕೊಳವೆ, ಕಾರ್ಟ್ರಿಡ್ಜ್. ಅಜ್ಜ ಹೋದ ಮೇಲೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಸ್ಟೇಷನ್ನಿಗೆ ಒಪ್ಪಿಸಿದೆವು. ಆಮೇಲೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸೋಕೆ ಅಪ್ಪ ಎಷ್ಟು ಸಲ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದರೋ. ಕೊಡಗಿನ ಸ್ನೇಹಿತರು ನಗುತ್ತಿದ್ದರು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಅವರೂ ಅಂಗಳದಲ್ಲಿ ಮೇಜು ಹಾಕಿ, ಸೂಪ್ ಕುಡಿಯುತ್ತಾ ಕೋವಿ ಹರಾಜು ಕೂಗಲ್ಲ ಬಿಡಿ.

ಮೊದಲು ನಮ್ಮವರಿಗೆ ಒಂದು ಮಾತು. ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀರಾ? ಎಫ್-1 ಸ್ಟೂಡೆಂಟಾ? ಹಾಗಾದರೆ ಆ ಮೇಜಿನ ಹತ್ತಿರ ಕೈ ಚಾಚಬೇಡಿ. ಇಂಥ ನಾನ್-ಇಮಿಗ್ರಂಟ್, ಅಂದರೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಕೋವಿ ಮಾತ್ರ ಅಲ್ಲ, ಒಂದೇ ಒಂದು ತೋಟೆ ಜೇಬಿನಲ್ಲಿದ್ದರೂ ಅಪರಾಧವೇ. ಇದಕ್ಕೆ ಕೆಲವು ವಿನಾಯಿತಿ ಇವೆ, ಅದರಲ್ಲಿ ಜನ ಜಾಸ್ತಿ ಬಳಸುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಬಂದ ಮೇಲೆ ಈ ತೊಡಕಿಲ್ಲ. "ನೀನು ಗ್ರೀನ್ ಕಾರ್ಡ್ ಅಲ್ವಾ, ನನಗೊಂದು ತಗೊಂಡು ಕೊಡು ಮಾರಾಯ" ಅಂತ ಗೆಳೆಯನೊಬ್ಬ ನನ್ನನ್ನೇ ಕೇಳಿದ್ದಾನೆ. ಊರಲ್ಲಿ ಬೇನಾಮಿ ಸೈಟು ಮಾಡಿದ ಹಾಗೆ ಅಂದುಕೊಂಡಿದ್ದ. ಇಲ್ಲಿನ 2022ರ ಕಾನೂನಿನ ಪ್ರಕಾರ ಇಂಥ ಬೇನಾಮಿ ಖರೀದಿಗೆ 15 ವರ್ಷದವರೆಗೆ ಜೈಲು. ಅವನಿಗೆ ಸೂಪ್ ಕೊಡಿಸಿ ಕಳಿಸಿದೆ.

ಸರಿ, ಮೇಜಿಗೆ ಬರೋಣ. ನನ್ನ ಮಾತು ಇಷ್ಟೇ: ಇಂಥ ಹರಾಜಿನಲ್ಲಿ ಕೋವಿ ಧಾರಾಳವಾಗಿ ಕೊಳ್ಳಿ, ತೋಟೆ ಕೊಳ್ಳಬೇಡಿ. ತುಂಬಾ ಜನ ಇದನ್ನ ತಿರುವುಮುರುವು ಮಾಡುತ್ತಾರೆ. ಕೋವಿಗೆ ಹೆದರಿ ಹಿಂದೆ ಸರಿಯುತ್ತಾರೆ, ಆಮೇಲೆ ಬರಿಗೈಲಿ ಹೋಗಬಾರದು ಅಂತ ಎರಡು ಡಬ್ಬಿ ಗುಂಡು ಹೊತ್ತುಕೊಂಡು ಹೋಗುತ್ತಾರೆ.

ಕೋವಿ ತನ್ನ ಕಥೆ ತಾನೇ ಹೇಳುತ್ತದೆ. ನಳಿಗೆಯೊಳಗೆ ಸಣ್ಣ ಟಾರ್ಚ್ ಬಿಟ್ಟರೆ ತುಕ್ಕು ತಿಂದ ಗುಳಿ ಕಾಣುತ್ತದೆ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ಅಡ್ನಾಡಿ ಬಿಚ್ಚಿದ್ದಾನೆ ಅಂತ ಅರ್ಥ. ನೂರು ವರ್ಷದ ಕೋವಿ ಹೊಸದರ ಹಾಗೆ ಫಳಫಳ ಹೊಳೆದರೆ ಇನ್ನೂ ಅನುಮಾನ, ಹಳೇ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ ಕೇಸು ಅದು, ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಇಳಿದುಹೋಯಿತು. ನಳಿಗೆಯ ಮೇಲೆ ಜಡೆ ಹೆಣೆದ ಹಾಗೆ ಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ, ಅಂದರೆ ಹಳೇ ಥರದ ಕೋವಿಮದ್ದಿನ ಕಾಲದ್ದು. ಗೋಡೆಗೆ ಚೆನ್ನ, ಈಗಿನ ತೋಟೆ ಹಾಕಿದರೆ ಕೈ ಹೋಗಬಹುದು. 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ಸಿಕ್ಕರೆ ನಂಬರ್ ನೋಡಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲೇ ಆದದ್ದಾಗಿ 8,00,000ಕ್ಕಿಂತ ಕೆಳಗಿದ್ದರೆ ಉಕ್ಕನ್ನು ಜಾಸ್ತಿ ಕಾಯಿಸಿ ಪೆಡಸು ಮಾಡಿರುವ ಸಾಧ್ಯತೆ ಇದೆ. ಕೆಲವು ಒಡೆದೂ ಇವೆ. ಇವೆಲ್ಲ ಕಣ್ಣಿಗೆ ಕಾಣುವ ಸಂಗತಿ. ಹರಾಜಿಗೆ ಮುಂಚೆ ಒಂದೆರಡು ಗಂಟೆ ಮುಟ್ಟಿ ನೋಡೋಕೆ ಬಿಡುತ್ತಾರೆ. ಬಳಸಿಕೊಳ್ಳಿ. ಸುತ್ತಿಗೆ ಬಿದ್ದ ಮೇಲೆ "ಇದ್ದದ್ದು ಇದ್ದ ಹಾಗೇ", ವಾಪಸ್ ಇಲ್ಲ.

ನಾನು ಮೂರನೇ ಮೇಜಿನ ಕೊನೆಗೆ ಬಂದೆ. "ಬ್ರಿಟಿಷ್ ಎನ್‌ಫೀಲ್ಡ್" ಅಂತ ಚೀಟಿ ಅಂಟಿಸಿದ ರೈಫಲ್. ಕೈಗೆತ್ತಿಕೊಂಡೆ. ಹಿಡಿಯ ಹಿಂದೆ ಸುತ್ತಿದ ಲೋಹದ ಪಟ್ಟಿಯ ಮೇಲೆ ಎಣ್ಣೆ ಜಿಡ್ಡು. ಹೆಬ್ಬೆರಳಿನಿಂದ ಒರೆಸಿದೆ. ಕೆಳಗೆ ಸಣ್ಣದಾಗಿ ಅಶೋಕ ಸ್ತಂಭದ ಸಿಂಹಗಳು! ಆರ್‌ಎಫ್‌ಐ, ರೈಫಲ್ ಫ್ಯಾಕ್ಟರಿ ಈಶಾಪುರ. ಬಂಗಾಳದಲ್ಲಿ ತಯಾರಾದ ಮಾಲು. ಚೀನಾ ಯುದ್ಧದ ಮೇಲೆ 60ರ ದಶಕದಲ್ಲಿ ಹಳೇ ಎನ್‌ಫೀಲ್ಡ್ ವಿನ್ಯಾಸಕ್ಕೆ ಗಟ್ಟಿ ಉಕ್ಕು ಹಾಕಿ 7.62 ನೇಟೋ ತೋಟೆಗೆ ಒಗ್ಗಿಸಿದ್ದು. ಮ್ಯಾಗಜಿನ್ 12 ಗುಂಡಿನದು, ಚೌಕಾಕಾರ. ನಮ್ಮಲ್ಲಿ ಸೇವೆ ಮುಗಿಸಿ ಹಡಗು ಹತ್ತಿ ಅಮೆರಿಕಕ್ಕೆ ಬಂದು ಸಾವಿರಾರು ಮನೆ ಸೇರಿದೆ. ಊರವನನ್ನು ಪರದೇಶದ ಬಸ್ ಸ್ಟ್ಯಾಂಡಿನಲ್ಲಿ ಕಂಡ ಹಾಗಾಯಿತು. ಬ್ರಿಟಿಷರದ್ದು ಅಂತ ಕರೆದದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು, ಆದರೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬೆಲೆ ಏರುತ್ತಿತ್ತಲ್ಲ.

420 ಡಾಲರ್‌ಗೆ ನನ್ನ ಪಾಲಾಯಿತು. ಅಲ್ಲಿಗೆ ಮುಗಿಯಲಿಲ್ಲ. ಮೇಲೆ 15 ಪರ್ಸೆಂಟ್ ಬಯರ್ಸ್ ಪ್ರೀಮಿಯಂ, ಕೊಂಡವರು ಹರಾಜಿನವರಿಗೆ ಕೊಡುವ ಶುಲ್ಕ, ಅಂದರೆ ಇನ್ನೊಂದು 63. ಕೂಗುವಾಗ ಈ ಲೆಕ್ಕ ತಲೆಯಲ್ಲಿ ಇರುವುದೇ ಇಲ್ಲ. ಆ ಮೇಲೆ ಕಾಗದ. ಅಲ್ಲೇ ಕೂತಿದ್ದ ಲೈಸೆನ್ಸ್ ಇರುವ ಡೀಲರ್ ಹತ್ತಿರ ಕೋವಿ ಕೊಳ್ಳುವವರ 4473 ಫಾರಂ ತುಂಬಿದೆ, ರಾಜ್ಯ ಪೊಲೀಸರಿಂದ ಹಿನ್ನೆಲೆ ತಪಾಸಣೆ ಆಯಿತು. ಕೆಲವು ಮನೆಯಂಗಳದ ಹರಾಜಿನಲ್ಲಿ ಉದ್ದ ಕೋವಿಗೆ, ಅಂದರೆ ರೈಫಲ್, ಶಾಟ್‌ಗನ್ನಿಗೆ, ಇದನ್ನ ಮಾಡುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಪಿಸ್ತೂಲಿಗೆ ಡೀಲರ್ ಅಥವಾ ಶೆರಿಫ್ ಕಚೇರಿ ಮೂಲಕವೇ ಹೋಗಬೇಕು, ಅದೇ ರಾಜ್ಯದ ಇಬ್ಬರು ಖಾಸಗಿಯಾಗಿ ಕೊಟ್ಟು ತಗೊಳ್ಳುವ ಉದ್ದ ಕೋವಿಗೆ ಆ ಕಡ್ಡಾಯ ಇಲ್ಲ. ನನ್ನ ಕೇಳಿದರೆ ಡೀಲರ್ ಇರುವ ಹರಾಜಿಗೇ ಹೋಗಿ. ನಾಳೆ ಆ ಕೋವಿ ಕಳವಿನದು ಅಂತ ಗೊತ್ತಾದರೆ ಕೈಯಲ್ಲಿ ಒಂದು ಕಾಗದ ಇರಲಿ.

ಈಗ ತೋಟೆ. ಶೆಡ್ಡಿನ ಹಿಂಬದಿಯಲ್ಲಿ ಮೂರು ಬಗೆ ಇಟ್ಟಿದ್ದರು. ಸೀಲು ಒಡೆಯದ ಅಂಗಡಿ ಡಬ್ಬಿಗಳು, ಹಳೇ ಮಿಲಿಟರಿ ಪೆಟ್ಟಿಗೆಗಳು, ಆಮೇಲೆ ಕಾಫಿ ಪುಡಿ ಡಬ್ಬಗಳು.

ಅಂಗಡಿ ಡಬ್ಬಿಯಲ್ಲಿ ಅಪಾಯ ಕಡಿಮೆ, ಬೆಲೆಯಲ್ಲಿ ಮೋಸ. ಯಾರ ಮೋಸವೂ ಅಲ್ಲ, ನಮ್ಮದೇ. ನನ್ನ ಪಕ್ಕದವರು ಒಂದು ಪೆಟ್ಟಿಗೆಗೆ ಕೂಗಿದ ಮೊತ್ತವನ್ನು ಫೋನಿನಲ್ಲಿ ನೋಡಿದೆ, ಹೊಸದೇ ಅದಕ್ಕಿಂತ ಅಗ್ಗ. ಊರಿನ ದೇವಸ್ಥಾನದಲ್ಲಿ ಒಂದು ಹಲಸಿನಹಣ್ಣು ಸಾವಿರಕ್ಕೆ ಸವಾಲಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ದೇವರ ಹೆಸರಾದರೂ ಇದೆ.

ಮಿಲಿಟರಿ ಪೆಟ್ಟಿಗೆ ಕೈಗೆತ್ತಿಕೊಂಡರೆ ಎರಡು ವಿಷಯ. 1950ರ ದಶಕಕ್ಕಿಂತ ಮೊದಲಿನ ಬಹಳಷ್ಟು ತೋಟೆಗಳ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ತಳದ ಪುಟ್ಟ ಬಿಲ್ಲೆ, ಸುಟ್ಟಾಗ ಒಂಥರಾ ಉಪ್ಪು ಬಿಡುತ್ತದೆ. ಅದು ತೇವ ಎಳೆದುಕೊಂಡು ನಳಿಗೆಯನ್ನು ತಿನ್ನುತ್ತದೆ. ಎಣ್ಣೆಗೆ ಜಗ್ಗಲ್ಲ, ನೀರಿನಲ್ಲೇ ತೊಳೆಯಬೇಕು. ಎರಡನೆಯದು ಹಿತ್ತಾಳೆ. ನಾನೊಂದು ತೋಟೆ ಎತ್ತಿ ಬೆಳಕಿಗೆ ಹಿಡಿದೆ. ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ಬಿರುಕು. ಉಗುರು ಆಡಿಸಿದರೆ ತಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಾರೆ. ಯಾವ ಸೀಸನ್ ಗೊತ್ತಾ? ನಮ್ಮ ಮಳೆಗಾಲ! ಬ್ರಿಟಿಷ್ ಸೈನ್ಯದವರು ಇಂಡಿಯಾದಲ್ಲಿ ಮಳೆಗಾಲಕ್ಕೆ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತು ತೆಗೆದರೆ ಬಿರುಕು. ಕುದುರೆ ಗಂಜಲದ ಅಮೋನಿಯಾ, ಜೊತೆಗೆ ತೇವ, ಜೊತೆಗೆ ಒತ್ತಿ ಎಳೆದು ಮಾಡಿದ ಹಿತ್ತಾಳೆಯೊಳಗೇ ಉಳಿದ ಬಿಗಿತ. ಇದನ್ನು ವಿಜ್ಞಾನಿಗಳು ಬಿಡಿಸಿ ಹೇಳಿದ್ದು 1921ರಲ್ಲಿ. ಇಲ್ಲಿ ಕುದುರೆ ಬೇಕಾಗಿಲ್ಲ. ಗ್ಯಾರೇಜಿನಲ್ಲಿ ಪಕ್ಕದಲ್ಲೇ ಗೊಬ್ಬರದ ಚೀಲ ಇಟ್ಟಿರುತ್ತಾರಲ್ಲ, ಸಾಕು.

ಕಾಫಿ ಡಬ್ಬದ ಕಥೆ ಬೇರೆ. ಆ ಯಜಮಾನರು ಮನೆಯಲ್ಲೇ ತೋಟೆ ತುಂಬುತ್ತಿದ್ದರು. ಇಲ್ಲಿ ಅದು ಮಾಮೂಲಿ ಹವ್ಯಾಸ. ಡಬ್ಬದ ಮೇಲೆ ಕಾಗದದ ಟೇಪು, ಅದರ ಮೇಲೆ ಪೆನ್ಸಿಲ್‌ನಲ್ಲಿ ".38, ಚೆನ್ನಾಗಿದೆ" ಅಂತ ಬರೆದದ್ದು. ಏನು ಚೆನ್ನಾಗಿದೆ? ಯಾವ ಮದ್ದು, ಎಷ್ಟು ತೂಕ, ಯಾವ ವರ್ಷ? ಅದು ಅವರಿಗೇ ಗೊತ್ತಿತ್ತು. ರಿವಾಲ್ವರಿನ .38 ಸ್ಪೆಷಲ್ ತೋಟೆ 1898ರ ಸುಮಾರಿಗೆ ಬಂದದ್ದು. ಕರಿಮದ್ದಿಗೆ ಅಂತ ಅಳತೆ ಮಾಡಿದ ಉದ್ದನೆಯ ಕೊಳವೆ. ಈಗಿನ ಬೇಗ ಉರಿಯುವ ಮದ್ದು ಅದರೊಳಗೆ ತಳದಲ್ಲಿ ಚಿಟಿಕೆಯಷ್ಟೇ ಕೂರುತ್ತದೆ. ಕೈ ತಪ್ಪಿ ಎರಡು ಸಲ ಸುರಿದರೂ ಉಕ್ಕಿ ಹೊರಗೆ ಬರುವುದಿಲ್ಲ. ಮೇಲೆ ಗುಂಡು ಕೂರಿಸಿದರೆ ಹೊರಗಿನಿಂದ ಎಲ್ಲವೂ ಒಂದೇ ಥರ. ಸುರಿಯುವುದೇ ಮರೆತರೆ ಪ್ರೈಮರ್ ಹೊಡೆತಕ್ಕೇ ಗುಂಡು ನಳಿಗೆಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲ ಸೀಳುತ್ತದೆ.

ಅಜ್ಜ ಮೊದಲು ಕೇಪಿನ ಕೋವಿ ಕಾಲದವರು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಲ್ಲಿ ಜಡಿದು, ಚರೆ ಹಾಕಿ ಅಭ್ಯಾಸ. ಬೇರೆಯವರು ಮದ್ದು ತುಂಬಿಟ್ಟ ಕೋವಿಯನ್ನು ಮುಟ್ಟುತ್ತಲೇ ಇರಲಿಲ್ಲ. "ಅವ ಎಷ್ಟು ಹಾಕಿದಾನೋ ಅವನನ್ನೇ ಕೇಳ್ಬೇಕು" ಅನ್ನೋರು. ಇಲ್ಲಿ ಕೇಳೋಣ ಅಂದರೆ ಅವರು ಮಣ್ಣಿನಡಿ ಇದ್ದಾರೆ.

ಆ ಡಬ್ಬವನ್ನು ಒಬ್ಬ ಹುಡುಗ 35 ಡಾಲರಿಗೆ ಕೂಗಿದ. ತಡೆಯಲಾರದೆ ಹೋಗಿ ಕೇಳಿದೆ, ಏನ್ಮಾಡ್ತೀಯಪ್ಪಾ ಅಂತ. "ಗುಂಡು ಕಿತ್ತು, ಮದ್ದು ಎಸೆದು, ಹಿತ್ತಾಳೆ ಮಾತ್ರ ಇಟ್ಟುಕೊಳ್ಳುತ್ತೇನೆ" ಅಂದ. ಅದು ಸರಿಯಾದ ಉತ್ತರ, ಒಪ್ಪಿದೆ. ಅಷ್ಟು ತಾಳ್ಮೆ ಇರುವವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಆದರೆ ಅವನ ಹಿಂದೆ ಇನ್ನೂ ನಾಲ್ಕು ಡಬ್ಬ ಮಾರಾಟವಾದವು. ಒಬ್ಬರು ಮಧ್ಯಾಹ್ನವೇ ರೇಂಜಿಗೆ ಹೋಗುವುದಾಗಿ ಹೇಳುತ್ತಿದ್ದರು.

ಹೊರಡುವ ಮುಂಚೆ ಯಜಮಾನರ ಮಗಳು ಸಿಕ್ಕರು. ಈಶಾಪುರದ ರೈಫಲ್ ನನ್ನ ಕೈಲಿದ್ದದ್ದು ನೋಡಿ, "ಅದು ಅಪ್ಪನಿಗೆ ಇಷ್ಟ" ಅಂದರು. ನಾನು ಸಿಂಹಗಳನ್ನು ತೋರಿಸಿ ಎಲ್ಲಿಯದು ಅಂತ ಹೇಳಿದೆ. ಆಮೇಲೆ ಮೆಲ್ಲಗೆ ಕೇಳಿದೆ, ತೋಟೆ ತುಂಬಿದ ಲೆಕ್ಕ ಅಪ್ಪ ಎಲ್ಲಾದರೂ ಬರೆದಿಟ್ಟಿದ್ದರಾ ಅಂತ. "ಹೌದಲ್ಲ, ಹಸಿರು ರಟ್ಟಿನ ನೋಟ್‌ಬುಕ್ ಇತ್ತು. ದಿನಾ ಬರೆಯೋರು. ಯಾವ ಡಬ್ಬದಲ್ಲಿ ಏನು ಅಂತ ಎಲ್ಲ ಅದರಲ್ಲಿತ್ತು" ಅಂದರು. ಈಗೆಲ್ಲಿ? ಬೇಟೆ ಪತ್ರಿಕೆಗಳ ಪೆಟ್ಟಿಗೆಯೊಳಗೆ ಸೇರಿಸಿ ಬೆಳಿಗ್ಗೆಯೇ ಹರಾಜು ಹಾಕಿದ್ದರು. ಎರಡು ಡಾಲರ್. ತಗೊಂಡವರು ಹನ್ನೊಂದಕ್ಕೆಲ್ಲ ಹೊರಟುಹೋಗಿದ್ದರು.