ಪಕ್ಕದವರ ತೋಳು ನೋಡಬೇಡಿ

ಕೇಳುಗರಿಗೆ ನಮಸ್ಕಾರ. ಜಿಮ್‌ಗೆ ಸೇರಿ ಮೂರು ತಿಂಗಳಾಗಿದೆ. ಜೊತೆಗೆ ಸೇರಿದ ಗೆಳೆಯನಿಗೆ ಅಂಗಿಯ ತೋಳು ಬಿಗಿಯಾಗುತ್ತಿದೆ, ನಿಮ್ಮದು ಇದ್ದ ಹಾಗೇ ಇದೆ. ಇನ್ನು ಬಿಟ್ಟುಬಿಡೋಣ ಅನ್ನಿಸಿದೆ, ಅಲ್ವಾ? ಬಿಡಬೇಡಿ. ಪಕ್ಕದವರ ತೋಳು ನೋಡುವುದನ್ನು ಮೊದಲು ಬಿಡಿ.

2005ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. 585 ಗಂಡಸರು, ಹೆಂಗಸರು. ಎಲ್ಲರಿಗೂ 12 ವಾರ ಒಂದೇ ಥರದ ವ್ಯಾಯಾಮ, ಒಂದೇ ತೋಳಿಗೆ. ಕೊನೆಗೆ ಎಂಆರ್‌ಐ ಮಾಡಿ ನೋಡಿದರೆ, ಒಬ್ಬರ ಸ್ನಾಯು ಶೇಕಡಾ 59ರಷ್ಟು ಬೆಳೆದಿತ್ತು. ಇನ್ನೊಬ್ಬರದ್ದು ಶೇಕಡಾ 2ರಷ್ಟು ಇಳಿದಿತ್ತು!

ನನ್ನ ಹತ್ತಿರ ಅಣ್ಣ ತಮ್ಮ ಇಬ್ಬರು ಬಂದಿದ್ದರು. ಒಂದೇ ಮನೆ, ಒಂದೇ ಮುದ್ದೆ, ಸಾರು, ಒಂದೇ ಗರಡಿ. ತಮ್ಮ ಕಂಬದ ಹಾಗಿದ್ದ. ಅಣ್ಣ ಸಣಕಲ. ಅಣ್ಣನ ಜೇಬಿನಲ್ಲಿ ಟೈಲರ್ ಟೇಪು. ದಿನಾ ತೋಳಿಗೆ ಸುತ್ತಿ ಸುತ್ತಿ ಅದರ ತುದಿ ಸೀಳಿಹೋಗಿತ್ತು. ಹನ್ನೊಂದು ಇಂಚಿನ ಹತ್ತಿರ ಪೆನ್ನಿನ ಗೀಟು. 'ಡಾಕ್ಟ್ರೇ, ಇದನ್ನ ದಾಟ್ತಾನೇ ಇಲ್ಲ. ನಂಗೇನಾದ್ರೂ ಕಾಯಿಲೆನಾ?' ಅಂದ. ಬಾಗಿಲಲ್ಲಿ ನಿಂತಿದ್ದ ತಮ್ಮ ನಕ್ಕ. ಅವನನ್ನು ಹೊರಗೆ ಕಳಿಸಿದೆ. 'ಎಷ್ಟು ತೂಕ ಎತ್ತುತ್ತೀಯಪ್ಪ?' ಅಂತ ಕೇಳಿದೆ. ಪಾಪ, ಎಲ್ಲ ಬರೆದಿಟ್ಟಿದ್ದ. ಮೊದಲ ವಾರ 20 ಕಿಲೋ ಹೊತ್ತು ಬಸ್ಕಿ ಹೊಡೆದಿದ್ದ. ನಾಲ್ಕು ತಿಂಗಳ ಮೇಲೆ 45 ಕಿಲೋ! 'ಕಾಯಿಲೆಯವರು ಇಷ್ಟು ಎತ್ತುತ್ತಾರೇನಪ್ಪ? ಆ ಟೇಪು ನಂಗೆ ಕೊಡು' ಅಂದೆ. ಕೊಟ್ಟ. ಈಗಲೂ ನನ್ನ ಡ್ರಾಯರ್‌ನಲ್ಲಿದೆ.

ಯಾಕೆ ಹೀಗೆ? ಸ್ನಾಯುವಿನ ನಾರಿಗೆ ಅಂಟಿಕೊಂಡು ಸುಮ್ನೆ ಮಲಗಿರುವ ಕೋಶಗಳಿವೆ. ಸ್ಯಾಟಲೈಟ್ ಕೋಶ ಅಂತ ಹೆಸರು. ಭಾರ ಎತ್ತಿದಾಗ ಎದ್ದು ಬಂದು ನಾರಿನ ಜೊತೆ ಸೇರಿ ಅದನ್ನು ಬೆಳೆಸುತ್ತವೆ. ನಾಟಿ ದಿನ ಆಳು ಜಾಸ್ತಿ ಇರುವ ಮನೆಯ ಗದ್ದೆ ಬೇಗ ಮುಗಿಯುವುದಿಲ್ಲವೇ, ಹಾಗೆ. ಅಮೆರಿಕದಲ್ಲೇ ಇಂಥದ್ದೇ ವ್ಯಾಯಾಮ ಮಾಡಿದ 66 ಜನರ ತೊಡೆಯ ಸ್ನಾಯು ಪರೀಕ್ಷಿಸಿದಾಗ, ತುಂಬಾ ಬೆಳೆದವರಲ್ಲಿ ಈ ಆಳುಗಳು ಮೊದಲಿನಿಂದಲೇ ಜಾಸ್ತಿ ಇದ್ದವು. ಇದರಲ್ಲಿ ಹುಟ್ಟಿನಿಂದ ಬಂದ ಪಾಲೂ ಇರಬಹುದು. ನೀವು ಸೋಮಾರಿಯಲ್ಲ! ಪಕ್ಕದವರ ತೋಳು ನೋಡಬೇಡಿ, ಎತ್ತಿದ ತೂಕ ಬರೆದಿಡಿ.

ಊಟದ ಬಗ್ಗೆ ಹೇಳಲು ಸಮಯ ಸಾಲುತ್ತಿಲ್ಲ. ಕಾಳು, ಮೊಟ್ಟೆ, ಮೊಸರು ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ. ಬೇಗ ಬೆಳೆಯುತ್ತೆ ಅಂತ ಯಾರಾದರೂ ಇಂಜೆಕ್ಷನ್ ತೋರಿಸಿದರೆ, ದಯವಿಟ್ಟು ಬ್ಯಾಗ್ ತಗೊಂಡು ಮನೆಗೆ ಹೋಗಿ. ನಮಸ್ಕಾರ.