ಮಲಿಕ್-ಎ-ಮೈದಾನ್: ಹಾರಿಸಿದ್ದಕ್ಕಿಂತ ಎಳದದ್ದ ದೊಡ್ಡದು

ಎಲ್ಲಾರಿಗೂ ನಮಸ್ಕಾರ್ರಿ. ಬಿಸಿಲು ಏರೋದ್ರಾಗ ಮುಗಿಸ್ತೀನಿ. ಬಿಜಾಪುರದ ಶೇರ್ಜಾ ಬುರುಜಿನ ಮ್ಯಾಲಿರೋ ಈ ಮಲಿಕ್-ಎ-ಮೈದಾನ್ ತೋಪಿನ ಬಗ್ಗೆ ಗೈಡ್‌ಗೋಳು ಹೇಳೋದು ನಿಮಗೆಲ್ಲಾ ಬಾಯಿಪಾಠ ಐತಿ, ಭಾರೀ ಸಪ್ಪಳ ಆಗ್ತಿತ್ತು, ಬತ್ತಿ ಹಚ್ಚಿದಾವ ಕಿವಿ ಕೆಡಬಾರದಂತ ಬಾಜೂಕಿನ ಹೌದಿನ್ಯಾಗ ಮುಳುಗ್ತಿದ್ದ, ಮುಟ್ಟಿ ಬೇಡ್ಕೊಂಡ್ರ ಕೆಲಸ ಆಗ್ತೈತಿ ಅಂತೆಲ್ಲಾ. ಇರಲಿ ಬಿಡ್ರಿ. ನನಗ ಕೇಳಿದ್ರ ಇದರ ಖರೇ ಕಥಿ ಗುಂಡು ಹಾರಿಸಿದ್ದರಾಗ ಇಲ್ಲ, ಎರಕಾ ಹೊಯ್ದದ್ದರಾಗ ಮತ್ತ ಎಳಕೊಂಡು ತಂದದ್ದರಾಗ ಐತಿ.

ಮೊದಲ ಇದು ಬಿಜಾಪುರದ ತೋಪೇ ಅಲ್ಲ. 1549ರಾಗ ಅಹಮದ್‌ನಗರದಾಗ, ಬುರ್ಹಾನ್ ನಿಜಾಮ್ ಶಾ ಆಳ್ತಿದ್ದಾಗ, ಮುಹಮ್ಮದ್ ರೂಮಿ ಅನ್ನೋ ತುರ್ಕಿ ಮನಿಷ್ಯಾ ಹೊಯ್ದದ್ದು. ಉದ್ದ 14 ಅಡಿ 4 ಇಂಚು, ಅಂದ್ರ ಅಂಥಾ ಉದ್ದೇನಿಲ್ಲ, ಇಲ್ಲೇ ಬಿಜಾಪುರದ ಉಪ್ಪಲಿ ಬುರುಜಿನ ಮ್ಯಾಲಿನ ತೋಪು ಇದರ ಡಬಲ್ ಐತಿ. ಆದ್ರ ಅದು ಕಬ್ಬಿಣದ ಪಟ್ಟಿ ಜೋಡ್ಸಿ ಬಳಿ ಹಾಕಿ ಬಡದದ್ದು, ತುಂಡು ತುಂಡಾಗಿ ಮಾಡಬಹುದು. ಇದು ಹಂಗಲ್ಲ, ಸುಮಾರು 55 ಟನ್ ಕಂಚು ಒಂದ ಅಚ್ಚಿನ್ಯಾಗ. ಇಂಥಾ ಎರಕಕ್ಕ ಒಂದು ಕುಲುಮಿ ಸಾಲೂದಿಲ್ಲ, ಹಲವು ಕುಲುಮಿ ಒಮ್ಮೆಗೇ ಕಾಯಿಸಿ ತಡ ಇಲ್ದ ಹೊಯ್ಬೇಕು, ನಡುವ ನಿಂತಿತೋ ಅಲ್ಲೇ ಜೋಡು ಬಿದ್ದು ಮುಂದ ಒಂದಿನ ಸೀಳ್ತೈತಿ, ಬತ್ತಿ ಹಚ್ಚಿದಾವನೂ ಹೋದ.

ಮೆಟಲ್ ನೋಡ್ರಿ. ನೂರಕ್ಕ ಹೆಚ್ಚು ಕಡಿಮಿ 80 ತಾಮ್ರ, 20 ತವರ. ಇದು ಗಂಟಿ ಹೊಯ್ಯೋ ಹದ, ಅದಕ್ಕ ಬಡದ್ರ ನಾದ ಬರ್ತೈತಿ. ಮಾಮೂಲಿ ಕಂಚಿನ ತೋಪಿಗೆ ಹತ್ತರ ಸುತ್ತಮುತ್ತ ತವರ ಸಾಕು, ಹೆಚ್ಚಾದ್ರ ಗಟ್ಟಿ ಆಗ್ತೈತಿ ಖರೆ, ಆದ್ರ ಬಿರೀತೈತಿ. ಹಂಗಾಗಿ ಗ್ವಾಡಿ ಒಂದೂಕಾಲು ಅಡಿ ದಪ್ಪ ಇಟ್ಟಾರ ಅಂತ ನನ್ನ ಅಂದಾಜು. ಬಾಯಿ 2 ಅಡಿ 4 ಇಂಚು ಅಗಲ, ಒಳಗ ಒಬ್ಬಾವ ಕುಂಡ್ರಬಹುದು. ಆ ಬಾಯಿಗೆ ಸಿಂಹದ ಮಾರಿ ಮಾಡ್ಯಾರ, ಹಲ್ಲಿನ ನಡುವ ಒಂದು ಆನಿ ಸಿಕ್ಕೊಂಡೈತಿ. ಮಂದಿ ಸೆಲ್ಫಿ ಹೊಡ್ಕೊಂಡು ಇಳೀತಾರ, ಆನಿ ಯಾರ ಕಣ್ಣಿಗೂ ಬೀಳೂದಿಲ್ಲ.

1565ರ ತಾಳೀಕೋಟಿ ಲಡಾಯ್ದಾಗ ಅಹಮದ್‌ನಗರದ ತೋಪುಗೋಳು ತಾಮ್ರದ ರೊಕ್ಕ ತುಂಬಿ ವಿಜಯನಗರದ ದಂಡಿನ ಮ್ಯಾಲ ಹಾರಿಸಿದ್ದು ಇತಿಹಾಸಕಾರ ಫರಿಶ್ತಾ ಬರದಾನ. ಅದರಾಗ ಇದೂ ಇತ್ತು ಅಂತ ಹೇಳ್ತಾರ, ನಮ್ಮ ಜಿಲ್ಲಾದಾಗಂತೂ ಇತ್ತು ಅಂದ್ರ ಇತ್ತು.

ಮುಂದ ಇದು ಈಗಿನ ಮಹಾರಾಷ್ಟ್ರದ ಪರಾಂಡಾ ಕೋಟ್ಯಾಗ ಬಿದ್ದಿತ್ತು. 1632ರಾಗ ಆದಿಲ್ ಶಾಹಿ ಸರದಾರ ಮುರಾರಿ ಪಂಡಿತ ಅಲ್ಲಿಂದ ಬಿಜಾಪುರಕ್ಕ ತಂದ. 10 ಆನಿ, 400 ಎತ್ತು ಹೂಡಿದ್ರು ಅಂತಾರ. ಜೋಡೀಲೆ ಬಂದ ಕಡಕ್ ಬಿಜ್ಲಿ ಅನ್ನೋ ತೋಪು ಕೃಷ್ಣಾದಾಗ ಮುಳುಗಿತು ಅನ್ನೋ ಮಾತೂ ಐತಿ, ಆದ್ರ ನಕಾಶಿ ತಗದ್ ನೋಡ್ರಿ, ಪರಾಂಡಾದಿಂದ ಇಲ್ಲಿಗೆ ಬರಬೇಕಾದ್ರ ಅಡ್ಡ ಬರೋದು ಭೀಮಾ, ಕೃಷ್ಣಾ ಅಲ್ಲ, ಕೃಷ್ಣಾ ನಮ್ಮ ದಕ್ಷಿಣಕ್ಕೈತಿ! ಒಂದು ದಡದಿಂದ ಇನ್ನೊಂದು ದಡಕ್ಕ 55 ಟನ್ ದಾಟಿಸಿದವ್ರ ಹೆಸರು ಯಾವ ಶಾಸನದಾಗೂ ಇಲ್ಲ, ಅದು ನನಗ ಭಾಳ ಕೆಟ್ಟ ಅನಸ್ತೈತಿ.

ಹೆಸರು ಕೆತ್ತಿಸಿದಾವ ಔರಂಗಜೇಬ. 1686ರಾಗ ಊರು ಗೆದ್ದ, ತೋಪಿನ ಮ್ಯಾಲ ತನ್ನ ಬರಹ ಹಾಕ್ಸಿದ. ಈ ಶೇರ್ಜಾ ಬುರುಜು ಅದಕ್ಕ 15 ವರ್ಷ ಮೊದಲಿಂದು, ಐದ ತಿಂಗಳದಾಗ ಕಟ್ಟಿದ್ರು ಅಂತ ಅಲ್ಲೇ ಕಲ್ಲಿನ ಮ್ಯಾಲೈತಿ. ಅಂದ್ರ ತೋಪು ಊರಿಗೆ ಬಂದು ಸುಮಾರು ನಲವತ್ತು ವರ್ಷ ಆದ್ಮ್ಯಾಲ ಬುರುಜ್ ಎದ್ದೈತಿ.

1854ರಾಗ ಇಂಗ್ಲಿಷರು ಹಳೇ ತೋಪೆಲ್ಲಾ ಮಾರಿ ಬಿಡ್ರಿ ಅಂತ ಸಾತಾರಾದಿಂದ ಆರ್ಡರ್ ಕಳ್ಸಿದ್ರು. ಇದನ್ನೂ ಹರಾಜಿಗಿಟ್ರು. ಬಂದ ದೊಡ್ಡ ಸವಾಲು 150 ರೂಪಾಯಿ! ರೇಟು ಭಾಳ ಕಡಿಮಿ ಆತು, ಮಂದಿಗೂ ಇದರ ಮ್ಯಾಲ ಭಕ್ತಿ ಐತಿ ಅಂತ ಇಲ್ಲಿದ್ದ ಸಾಹೇಬ ಮ್ಯಾಲಿನವ್ರಿಗೆ ಬರದ, ಹರಾಜು ರದ್ದಾತು. ಭಕ್ತಿಯಿಂದ ಉಳೀತು ಅಂತ ಎಲ್ಲಾರೂ ಹೇಳ್ತಾರ, ನನಗ ಅನಸೋದು ಭಾರದಿಂದ ಉಳೀತು. 150ಕ್ಕ ತಗೊಂಡಾವ ಬುರುಜಿನ ಮ್ಯಾಲಿಂದ ಇಳಿಸಿಕೊಂಡು ಹೋಗಾಕ ಮತ್ತ 400 ಎತ್ತು ಎಲ್ಲಿಂದ ತರಬೇಕ್ರಿ?