ವೀಸಾ ನಮಗೆ ಬೇಡ, ಕಾರಿಗೆ ಬೇಕು

ನಮಸ್ಕಾರ. ಮೊದಲು ಈ ಟೇಬಲ್ ನೋಡಿಬಿಡಿ. ಒಂದು ದೊಡ್ಡ ಮ್ಯಾಪ್, ಕಾರಿನ ಆರ್‌ಸಿ, ಇನ್ಶೂರೆನ್ಸ್ ಪೇಪರು, ಮೂರು ಪಾಸ್‌ಪೋರ್ಟ್, ಒಂದಷ್ಟು ಬಣ್ಣದ ಪೆನ್ಸಿಲ್. ಪೆನ್ಸಿಲ್‌ಗೂ ಪ್ಲಾನಿಗೂ ಸಂಬಂಧ ಇಲ್ಲ. ಮಗಳು ಮ್ಯಾಪ್ ಮೇಲೆ ಘೇಂಡಾಮೃಗ ಬರೆಯುತ್ತಿದ್ದಾಳೆ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಇದು ನಮ್ಮ ಮನೆಯವರ ಮೊದಲ ಫಾರಿನ್ ಟ್ರಿಪ್. ವಿಮಾನದಲ್ಲಿ ಅಲ್ಲ. ಬೆಂಗಳೂರಿನಿಂದ ನಮ್ಮ ಕಾರಿನಲ್ಲೇ ನೇಪಾಳ, ಅಲ್ಲಿಂದ ಭೂತಾನ್. ದೀಪಾವಳಿ ಮುಗಿದ ಮೇಲೆ ಹೊರಡುವುದು. ಇವತ್ತಿನ ವಿಡಿಯೋ ಪೂರ್ತಿ ಪ್ಲಾನಿಂಗ್ ಬಗ್ಗೆ.

ಕಾರಿನಲ್ಲಿ ಫಾರಿನ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಥಾಯ್ಲೆಂಡ್‌ವರೆಗೂ ರಸ್ತೆ ಇದೆಯಂತಲ್ಲ, ಅಲ್ಲಿಗೇ ಹೋಗಬಹುದಿತ್ತಲ್ಲ?" ರಸ್ತೆ ಇದೆ, ನಿಜ. ಮಣಿಪುರದ ಮೋರೆ ದಾಟಿದರೆ ಮ್ಯಾನ್ಮಾರ್, ಅದರಾಚೆ ಥಾಯ್ಲೆಂಡ್. ಆದರೆ 2021ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಮ್ಯಾನ್ಮಾರ್‌ನಲ್ಲಿ ಗುಂಡಿನ ಸದ್ದು ನಿಂತಿಲ್ಲ. 2023ರಲ್ಲಿ ಮಣಿಪುರಕ್ಕೂ ಬೆಂಕಿ ಬಿತ್ತು. ಪುಟ್ಟ ಮಗು ಕೂರಿಸಿಕೊಂಡು ಆ ಕಡೆ ಹೋಗುವ ಮಾತೇ ಇಲ್ಲ. ಪಶ್ಚಿಮಕ್ಕೆ ನೋಡಿದರೆ ಪಾಕಿಸ್ತಾನದ ಗಡಿಯ ಅಟಾರಿ ಗೇಟನ್ನು 2025ರ ಏಪ್ರಿಲ್‌ನಲ್ಲಿ ಮುಚ್ಚಿದರು. ಹೀಗೆ ಒಂದೊಂದೇ ಕಳೆಯುತ್ತಾ ಬಂದರೆ, ಮನೆಮಂದಿ ಜೊತೆ ಆರಾಮಾಗಿ ಹೋಗಿಬರಬಹುದಾದ್ದು ಅಂತ ನಮಗೆ ಉಳಿದದ್ದು ಈ ಎರಡೇ ದೇಶ. ನನಗೇನೂ ಬೇಜಾರಿಲ್ಲ. ಮೊದಲ ಸಲಕ್ಕೆ ಇಷ್ಟು ಸಾಕು.

ಈಗ ಮುಖ್ಯ ವಿಷಯ. ಭಾರತೀಯರಿಗೆ ನೇಪಾಳಕ್ಕೂ ವೀಸಾ ಬೇಡ, ಭೂತಾನ್‌ಗೂ ಬೇಡ. ಪಾಸ್‌ಪೋರ್ಟ್ ಇಲ್ಲವಾದರೆ ವೋಟರ್ ಐಡಿ ಇದ್ದರೂ ನಡೆಯುತ್ತದೆ. ಭೂತಾನ್ ಗಡಿಯಲ್ಲಿ ಆಧಾರ್ ಕಾರ್ಡ್ ಮಾತ್ರ ನಡೆಯುವುದಿಲ್ಲ, ನೆನಪಿರಲಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಎರಡೂ ಕಡೆ ಸಾಕು. ಗಾಡಿ ಓಡಿಸುವುದೂ ಎಡಗಡೆಯೇ. ಅಂದರೆ ನಮ್ಮ ಮಟ್ಟಿಗೆ ಹೆಚ್ಚು ತಲೆನೋವಿಲ್ಲ. ಓಡಾಡಬೇಕಾಗಿರುವುದೆಲ್ಲ ಕಾರಿನ ಸಲುವಾಗಿ. ನೇಪಾಳಕ್ಕೆ ನಾವು ಸುಮ್ನೆ ನಡೆದು ಗಡಿ ದಾಟಬಹುದು, ಭೂತಾನ್‌ಗೆ ಮಾತ್ರ ಒಂದು ಪ್ರವೇಶ ಪರ್ಮಿಟ್ ಬೇಕು. ಕಾರು ದಾಟಬೇಕಾದರೆ ಅದಕ್ಕೆ ಪರ್ಮಿಟ್, ದಿನದ ಲೆಕ್ಕದ ಶುಲ್ಕ, ವಾಪಸ್ ಹೋಗುವ ತಾರೀಖು, ಎಲ್ಲ ಬೇಕು. ಪಕ್ಕಾ ವೀಸಾ ಥರಾನೇ.

ನೇಪಾಳದಲ್ಲಿ ಇದಕ್ಕೆ ಭನ್ಸಾರ್ ಅನ್ನುತ್ತಾರೆ. ಅವರ ಕಸ್ಟಮ್ಸ್ ಕಚೇರಿ. ಗೋರಖ್‌ಪುರ ದಾಟಿ ಸೋನೌಲಿ ಗೇಟು ಹಾದರೆ ಆಚೆ ಬೇಲಹಿಯಾ. ಅಲ್ಲೇ ಕೌಂಟರ್ ಇದೆ. ಆರ್‌ಸಿ, ಲೈಸೆನ್ಸ್, ಐಡಿ ಕೊಟ್ಟು ಎಷ್ಟು ದಿನ ಇರುತ್ತೀರಿ ಅಂತ ಹೇಳಬೇಕು. ಅಷ್ಟು ದಿನದ ದುಡ್ಡು ಕಟ್ಟಿಸಿಕೊಂಡು ಚೀಟಿ ಕೊಡುತ್ತಾರೆ. ಆಮೇಲೆ ಯಾತಾಯಾತ್ ಅಂತ ಇನ್ನೊಂದು ಚೀಟಿ, ಅದು ಸಾರಿಗೆ ಇಲಾಖೆಯದು. ನಮ್ಮಂಥವರ ಗಾಡಿಗೆ ಒಂದು ವರ್ಷದಲ್ಲಿ ಒಟ್ಟು 30 ದಿನ ಮಾತ್ರ ಅವಕಾಶ. ಚೀಟಿಯ ಅವಧಿ ಮುಗಿದ ಮೇಲೂ ಗಾಡಿ ಒಳಗೇ ಇದ್ದರೆ ದಂಡ ಬೀಳುತ್ತದೆ. ನಾವು ಸೋನೌಲಿಯಲ್ಲಿ ಒಳಗೆ ಹೋಗಿ, ಪೂರ್ವದ ತುದಿಯ ಕಾಕರಭಿಟ್ಟಾದಲ್ಲಿ ಹೊರಗೆ ಬರುವವರು. ಅದನ್ನು ಮೊದಲೇ ಹೇಳಿ ಚೀಟಿ ಮಾಡಿಸಿಕೊಳ್ಳಬೇಕು. ಹೊರಗೆ ಬರುವಾಗ ಆ ಚೀಟಿ ಒಪ್ಪಿಸಿಯೇ ಬರಬೇಕು. ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ನಮ್ಮ ಕಾರು ನೇಪಾಳದಲ್ಲೇ ಇದೆ ಅಂತಾಗುತ್ತದೆ.

ಆ ಚೀಟಿಯಲ್ಲಿ ಒಂದು ಮಜಾ ಇದೆ. ನನ್ನ ಗೆಳೆಯನೊಬ್ಬ ಹಿಂದೆ ಹೋಗಿ ಬಂದಾಗಿನ ಫೋಟೋ ಇದು, ಸ್ವಲ್ಪ ಜೂಮ್ ಮಾಡುತ್ತೇನೆ. ತಾರೀಖು ನೋಡಿ. ಅಲ್ಲಿ ನಡೆಯುವುದು ವಿಕ್ರಮ ಸಂವತ್. ನಮ್ಮ ಇಸವಿಗಿಂತ 56, 57 ವರ್ಷ ಮುಂದೆ. ತಿಂಗಳೂ ಬೇರೆ, ಅಂಕಿಯೂ ದೇವನಾಗರಿ. ಅವಸರದಲ್ಲಿ ಬರೆದ ಒಂದು ಮತ್ತು ಒಂಬತ್ತು ಒಂದೇ ಥರ ಕಾಣುತ್ತವೆ. ವಾಪಸ್ ಹೋಗುವ ತಾರೀಖನ್ನು ಕೌಂಟರ್ ಮುಂದೆಯೇ ನಿಂತು ಕೇಳಿ, ನಮ್ಮ ಲೆಕ್ಕದಲ್ಲಿ ಪಕ್ಕದಲ್ಲೇ ಬರೆದುಕೊಳ್ಳಬೇಕು ಅಂತ ಅವನು ಎಚ್ಚರಿಸಿದ.

ಇನ್ನೊಂದು ವಿಷಯ. ನಮ್ಮ ಕಾರು ಹೆಂಡತಿಯ ಹೆಸರಿನಲ್ಲಿದೆ. ಆದ್ದರಿಂದ ಗಡಿಯಲ್ಲಿ ಮಾಲೀಕರು ಅವಳು, ನಾನು ಡ್ರೈವರ್. ಬೇರೆಯವರ ಹೆಸರಿನ ಗಾಡಿ ತಗೊಂಡು ಹೋಗುವವರು ಮಾಲೀಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಮಾಲೀಕರೇ ಪಕ್ಕದಲ್ಲಿ ಕೂತಿರುತ್ತಾರಲ್ಲ, ನಮಗೆ ಅದು ಬೇಡ. ಆದರೆ ಈ ಮಾತು ಗೊತ್ತಾದಾಗಿನಿಂದ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಟೀ ಕುಡಿಯಬೇಕು ಅನ್ನೋದೂ ಮಾಲೀಕರ ತೀರ್ಮಾನವೇ ಆಗಿಬಿಟ್ಟಿದೆ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಗಮನ ಕೊಡಿ. ನಮ್ಮ ಮೋಟಾರ್ ಪಾಲಿಸಿ ಭಾರತದೊಳಗೆ ಮಾತ್ರ. ಗಡಿ ದಾಟಿದ ಕ್ಷಣದಿಂದ ಅದು ಬರೀ ಕಾಗದ. ಆದರೆ ಸ್ವಲ್ಪ ಹೆಚ್ಚುವರಿ ದುಡ್ಡು ಕಟ್ಟಿ ಅದನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಕ್ಕೂ ವಿಸ್ತರಿಸಿಕೊಳ್ಳುವ ಅವಕಾಶ ಇದೆ. ಪಾಲಿಸಿ ಭಾಷೆಯಲ್ಲಿ ಇದಕ್ಕೆ ಜಿಯಾಗ್ರಫಿಕಲ್ ಏರಿಯಾ ಎಕ್ಸ್‌ಟೆನ್ಷನ್ ಅನ್ನುತ್ತಾರೆ, ಐಎಂಟಿ 1. ನಾನು ಫೋನ್ ಮಾಡಿ ಕೇಳಿದಾಗ ಆ ಕಡೆಯ ಹುಡುಗ "ಸರ್, ಟ್ರಾವೆಲ್ ಇನ್ಶೂರೆನ್ಸ್ ಬೇಕಾ?" ಅಂತ ಅದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದ. ಐಎಂಟಿ 1 ಅಂತ ನಂಬರ್ ಹೇಳಿದ ಮೇಲೆ ಮೇಲಿನವರಿಗೆ ಲೈನ್ ಕೊಟ್ಟ. ಆಮೇಲೆ ವಿಸ್ತರಣೆಯ ಪೇಪರು ಮೇಲ್‌ನಲ್ಲಿ ಬಂತು. ಹಾಗಾಗಿ ನೀವು ಕೇಳುವಾಗ ನೇರವಾಗಿ ನಂಬರ್ ಹೇಳಿಬಿಡಿ.

ಈಗ ದಾರಿ. ಬೆಂಗಳೂರಿನಿಂದ ಸೋನೌಲಿಗೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಆದರೆ ದಾರಿ ಹುಡುಕುವ ಕೆಲಸವೇ ಇಲ್ಲ. ಹೆಬ್ಬಾಳದ ಮೇಲೆ ಹೋಗುತ್ತದಲ್ಲ, ನಾವೆಲ್ಲ ಏರ್‌ಪೋರ್ಟ್ ರಸ್ತೆ ಅನ್ನುವ ರಸ್ತೆ, ಅದು ಹಳೆಯ ಎನ್‌ಎಚ್ 7. ಕನ್ಯಾಕುಮಾರಿಯಿಂದ ವಾರಾಣಸಿಗೆ ಹೋಗುತ್ತಿದ್ದದ್ದು. ಈಗ ನಂಬರ್ ಬದಲಾಗಿದೆ, ಊರುಗಳು ಅವೇ. ಹೈದರಾಬಾದ್, ನಾಗ್ಪುರ, ಜಬಲ್ಪುರ, ರೀವಾ, ವಾರಾಣಸಿ. ಅಲ್ಲಿಂದ ಗೋರಖ್‌ಪುರ, ಗಡಿ. ಹೈವೇ ಚೆನ್ನಾಗಿದೆ. ನಾಗ್ಪುರದಾಚೆ ಪೆಂಚ್ ಕಾಡಿನಲ್ಲಿ ಪ್ರಾಣಿಗಳು ಕೆಳಗಿನಿಂದ ದಾಟಲಿ ಅಂತ ರಸ್ತೆಯನ್ನೇ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ಅದನ್ನು ಹಗಲಲ್ಲೇ ದಾಟಬೇಕು ಅಂತ ಪ್ಲಾನ್. ಉಳಿದಂತೆ ಈ ಭಾಗದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ಓಡಿಸುತ್ತಾ ಇರುವುದು.

ನೇಪಾಳದೊಳಗೆ ಹೋದ ಮೇಲೆ ಕಿಲೋಮೀಟರ್ ಲೆಕ್ಕ ಮರೆತುಬಿಡಬೇಕು. ಮ್ಯಾಪ್‌ನಲ್ಲಿ ಇಲ್ಲಿ ನೋಡಿ, ಬುಟ್ವಲ್. ಇಲ್ಲಿಯವರೆಗೆ ಬಯಲು. ಇಲ್ಲಿಂದ ಸಿದ್ಧಾರ್ಥ ಹೈವೇ ಬೆಟ್ಟ ಹತ್ತಿ ತಾನ್ಸೇನ್ ಮೇಲೆ ಪೋಖರಾಕ್ಕೆ ಹೋಗುತ್ತದೆ. ಸೋನೌಲಿಯಿಂದ ಲೆಕ್ಕ ಹಾಕಿದರೂ ಇನ್ನೂರು ಕಿಲೋಮೀಟರ್ ಆಗುವುದಿಲ್ಲ. ಆದರೂ ಒಂದು ಪೂರ್ತಿ ದಿನ ಇಟ್ಟಿದ್ದೇವೆ. ಬುಟ್ವಲ್ ಬಿಟ್ಟ ತಕ್ಷಣ ಸಿದ್ಧಬಾಬಾ ಅಂತ ಒಂದು ಜಾಗ. ಮೇಲಿನಿಂದ ಕಲ್ಲು ಉದುರುವುದಕ್ಕೆ ಕುಖ್ಯಾತಿ ಪಡೆದದ್ದು. ಅಲ್ಲಿ ಸುರಂಗ ಕೊರೆಯುವ ಕೆಲಸವೂ ಹಿಡಿದಿದ್ದಾರೆ. ಶಿರಾಡಿ, ಚಾರ್ಮಾಡಿ ಓಡಿಸಿ ಅಭ್ಯಾಸ ಇದೆ ಅಂತ ನಾನೂ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ನಮ್ಮ ಘಾಟಿ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಇದು ಬೆಳಿಗ್ಗೆ ಶುರುವಾದರೆ ಸಂಜೆವರೆಗೂ ತಿರುವು.

ದೀಪಾವಳಿ ಆದ ಮೇಲೆ ಅಂದೆನಲ್ಲ, ಅದೂ ರಸ್ತೆಯ ಕಾರಣಕ್ಕೇ. ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿಯುತ್ತದೆ. ನಾರಾಯಣಘಾಟ್, ಮುಗ್ಲಿನ್ ನಡುವಿನ ರಸ್ತೆ ತ್ರಿಶೂಲಿ ನದಿಯ ಅಂಚಿನಲ್ಲೇ ಇದೆ. 2024ರ ಜುಲೈನಲ್ಲಿ ರಾತ್ರಿ ಹೊತ್ತು ಗುಡ್ಡ ಜರಿದು ಎರಡು ಬಸ್ಸುಗಳನ್ನೇ ನದಿಗೆ ತಳ್ಳಿತು. ಅದೇ ವರ್ಷ ಸೆಪ್ಟೆಂಬರ್ ಪ್ರವಾಹದಲ್ಲಿ ಕಾಠ್ಮಂಡುವಿನಿಂದ ಪೂರ್ವಕ್ಕೆ ಇಳಿಯುವ ಬಿ.ಪಿ. ಹೈವೇ ಅಲ್ಲಲ್ಲಿ ಕೊಚ್ಚಿಹೋಯಿತು. ದಸರಾ ಸಮಯದಲ್ಲಿ ಹೋಗೋಣ ಅಂದರೆ ಅದು ಅವರಿಗೂ ವರ್ಷದ ದೊಡ್ಡ ಹಬ್ಬ, ದಶೈಂ. ಕಾಠ್ಮಂಡುವಿನಲ್ಲಿ ಇರುವವರೆಲ್ಲ ಊರಿಗೆ ಹೊರಟಿರುತ್ತಾರೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಗಳೂ ದಿನಗಟ್ಟಲೆ ಬಂದ್. ನಮ್ಮ ದೀಪಾವಳಿ ಅಲ್ಲಿ ತಿಹಾರ್. ಅದೂ ಮುಗಿದ ಮೇಲೆ ಹೋದರೆ ಆಕಾಶ ತಿಳಿ, ಹಿಮದ ಬೆಟ್ಟ ಕಾಣುವ ಕಾಲ.

ಒಂದು ನಿಯಮ ಮಾತ್ರ ಇಬ್ಬರೂ ಸೇರಿ ಮಾಡಿಕೊಂಡಿದ್ದೇವೆ. ಬೆಟ್ಟದ ರಸ್ತೆಯಲ್ಲಿ ಸಂಜೆ ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲ. ಯಾವ ಊರು ಸಿಗುತ್ತದೋ ಅಲ್ಲೇ ಉಳಿಯುವುದು. ಅದಕ್ಕೇ ಪೋಖರಾ, ಕಾಠ್ಮಂಡು ಬಿಟ್ಟರೆ ಮಧ್ಯದ ಊರುಗಳಲ್ಲಿ ಎಲ್ಲೂ ರೂಮ್ ಬುಕ್ ಮಾಡಿಲ್ಲ. ಬುಕಿಂಗ್ ಮಾಡಿದರೆ ಅಲ್ಲಿಗೆ ತಲುಪಲೇಬೇಕು ಅಂತ ರಾತ್ರಿ ಓಡಿಸುತ್ತೇವೆ. ನನಗೆ ನನ್ನ ಬುದ್ಧಿ ಗೊತ್ತಲ್ವಾ.

ಕಾಠ್ಮಂಡುವಿನಲ್ಲಿ ಪಶುಪತಿನಾಥ ಇದ್ದೇ ಇದೆ. ಅಮ್ಮ ಕೊಟ್ಟಿರುವ ಕೆಲಸ ಅದೊಂದೇ. ಅಲ್ಲಿ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರು ಅನ್ನೋದು ನಿಮಗೆ ಗೊತ್ತಿರಬಹುದು. ತಲೆತಲಾಂತರದಿಂದ ದಕ್ಷಿಣದವರನ್ನೇ ನೇಮಿಸುವ ಪದ್ಧತಿ. 2009ರಲ್ಲಿ ಅಲ್ಲಿನ ಮಾವೋವಾದಿ ಸರ್ಕಾರ ಸ್ಥಳೀಯರನ್ನು ಕೂರಿಸಲು ಹೋಗಿ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಮತ್ತೆ ಕರ್ನಾಟಕದಿಂದಲೇ ಭಟ್ಟರು ಹೋದರು. ಕನ್ನಡದಲ್ಲಿ ಮಾತಾಡಿಸಿ ಬಾ ಅಂದಿದ್ದಾರೆ ಅಮ್ಮ. ಆ ಜನಜಂಗುಳಿಯಲ್ಲಿ ಅದು ಆಗುವ ಮಾತಾ ಅಂತ ನಾನು.

ಅಲ್ಲಿಂದ ಚಿತವನದ ಕಾಡು. ಮಗಳು ಬರೆಯುತ್ತಿದ್ದ ಘೇಂಡಾಮೃಗ ಇಲ್ಲಿಯದು, ಒಂಟಿ ಕೊಂಬಿನದು. ಹೇಟೌಡಾ ಮೇಲೆ ಮಹೇಂದ್ರ ಹೈವೇ ಹಿಡಿದರೆ ಪೂರ್ತಿ ತರಾಯಿ ಬಯಲು, ಕೋಶಿ ಬ್ಯಾರೇಜ್ ದಾಟಿ ಕಾಕರಭಿಟ್ಟಾ. ಅಲ್ಲಿ ಮೇಚಿ ನದಿ. ಸೇತುವೆ ದಾಟಿದರೆ ಪಶ್ಚಿಮ ಬಂಗಾಳದ ಪಾನಿಟಂಕಿ.

ಮ್ಯಾಪ್ ನೋಡದೆ ಪ್ಲಾನ್ ಮಾಡುವವರು ಇಲ್ಲಿ ತಪ್ಪುವುದುಂಟು. ನೇಪಾಳ, ಭೂತಾನ್ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ಎರಡಕ್ಕೂ ಗಡಿ ಅಂಟಿಲ್ಲ. ನಡುವೆ ಭಾರತ ಇದೆ. ಸಿಲಿಗುರಿ ಕಾರಿಡಾರ್, ತೀರಾ ಕಿರಿದಾದ ಕಡೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಅಗಲ. ಅಲ್ಲಿಂದ ಬೆಟ್ಟದ ತಪ್ಪಲಿನ ಡೂಆರ್ಸ್‌ನ ಟೀ ತೋಟಗಳ ನಡುವೆ ಭೂತಾನ್ ಗಡಿಯ ಜೈಗಾಂವ್‌ಗೆ ಅರ್ಧ ದಿನ. ರಸ್ತೆಗೆ ಆನೆ ಬರುತ್ತವಂತೆ. ಹತ್ತಿರದಲ್ಲೇ ಜಲದಾಪಾರಾ ಕಾಡು, ಅಲ್ಲೂ ಘೇಂಡಾಮೃಗ. ಚಿತವನದಲ್ಲಿ ಕಾಣದಿದ್ದರೆ ಇಲ್ಲಿ ನೋಡೋಣ ಅಂತ ಮಗಳಿಗೆ ಮಾತು ಕೊಟ್ಟಾಗಿದೆ.

ಜೈಗಾಂವ್‌ನಲ್ಲಿ ಒಂದು ಗೇಟು. ಆಚೆ ಭೂತಾನ್‌ನ ಫುಂಟ್‌ಶೋಲಿಂಗ್. ಮನೆಯಲ್ಲಿ ಜಗಳ ಶುರುವಾಗಿದ್ದೇ ಈ ಗೇಟಿನಿಂದ. 2022ರ ಸೆಪ್ಟೆಂಬರ್‌ನಿಂದ ಭಾರತೀಯರು ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಎಸ್‌ಡಿಎಫ್ ಕಟ್ಟಬೇಕು, ಅಂದರೆ ಸಸ್ಟೈನಬಲ್ ಡೆವಲಪ್‌ಮೆಂಟ್ ಫೀ, ಪ್ರವಾಸಿಗರ ಮೇಲಿನ ಶುಲ್ಕ. ಮಗಳ ವಯಸ್ಸಿನವರಿಗೆ ಅರ್ಧ. ಅಲ್ಲಿಗೆ ನಮ್ಮ ಮೂವರಿಗೆ ರಾತ್ರಿಗೆ 3,000. ರೂಮು, ಊಟ ಬೇರೆ. ಇದಕ್ಕೆ ನನ್ನ ತಕರಾರಿಲ್ಲ. ಜನ ಕಡಿಮೆ ಬರಲಿ, ಊರು ಚೊಕ್ಕವಾಗಿರಲಿ ಅನ್ನೋದು ಅವರ ಲೆಕ್ಕ. ನಮ್ಮ ಮುಳ್ಳಯ್ಯನಗಿರಿಯ ಭಾನುವಾರ ನೋಡಿದವರು ಬೇಡ ಅನ್ನಲಾರರು. ಆದರೆ ಹೊರಗಿನ ಕಾರಿಗೂ ದಿನಕ್ಕೆ ಸಾವಿರಗಳ ಲೆಕ್ಕದಲ್ಲಿ ಶುಲ್ಕ ಇದೆ. ಪಾರ್ಕಿಂಗ್‌ನಲ್ಲಿ ನಿಂತಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ.

ನನ್ನ ವಾದ ಏನಪ್ಪಾ ಅಂದರೆ, ರೋಡ್ ಟ್ರಿಪ್ ಅಂತ ಹೊರಟು ಕೊನೆಯ ದೇಶದಲ್ಲಿ ಕಾರು ಬಿಟ್ಟು ಹೋದರೆ ಏನರ್ಥ? ಮಾಲೀಕರ ವಾದ ಬೇರೆ. ಫುಂಟ್‌ಶೋಲಿಂಗ್ ತಪ್ಪಲಲ್ಲಿದೆ, ಥಿಂಫು ಎರಡು ಸಾವಿರದ ಮುನ್ನೂರು ಮೀಟರ್ ಮೇಲೆ. ನಡುವೆ ಗೇಡು ಹತ್ತಿರ ಮುಂದಿನ ಗಾಡಿಯ ದೀಪವೂ ಕಾಣದಂಥ ಮಂಜು. ಅಷ್ಟು ದೂರದಿಂದ ಓಡಿಸಿಕೊಂಡು ಬಂದವನು ಅಲ್ಲಾದರೂ ಕಿಟಕಿಯಿಂದ ಹೊರಗೆ ನೋಡಲಿ ಅನ್ನುತ್ತಾಳೆ. ಆ ರಸ್ತೆಯನ್ನು 1960ರ ದಶಕದಲ್ಲಿ ಕಡಿದದ್ದು ನಮ್ಮ ಬಾರ್ಡರ್ ರೋಡ್ಸ್‌ನ ದಂತಕ್ ಯೋಜನೆಯವರು. ಅದಕ್ಕೂ ಮುಂಚೆ, 1958ರಲ್ಲಿ, ನೆಹರೂ ಪಾರೋಗೆ ಹೋದದ್ದು ಟಿಬೆಟ್‌ನ ಚುಂಬಿ ಕಣಿವೆ ಸುತ್ತಿಕೊಂಡು, ಕುದುರೆ, ಯಾಕ್ ಮೇಲೆ. ಇದನ್ನು ಹೇಳಿ ನೋಡಿದೆ. "ಸರಿ, ನೀನೂ ಯಾಕ್ ಮೇಲೆ ಬಾ, ನಾವು ಟ್ಯಾಕ್ಸಿಯಲ್ಲಿ ಹೋಗುತ್ತೇವೆ" ಅಂದಳು.

ಹಾಗಾಗಿ ಕಾರು ಜೈಗಾಂವ್‌ನ ಹೋಟೆಲಿನಲ್ಲಿ ಉಳಿಯುತ್ತದೆ. ಭೂತಾನ್ ನಂಬರಿನ ಟ್ಯಾಕ್ಸಿಯಲ್ಲಿ ಥಿಂಫು, ಪಾರೋ. ದುಡ್ಡಿನ ದೃಷ್ಟಿಯಿಂದ ಇದೇ ಸರಿ, ಒಪ್ಪಿದೆ. ಮನಸ್ಸಿಗೆ ಮಾತ್ರ ಒಪ್ಪಿಗೆ ಇಲ್ಲ.

ಚಿಲ್ಲರೆ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಭೂತಾನ್‌ನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ. ನೇಪಾಳದಲ್ಲಿ ನಮ್ಮ ನೂರಕ್ಕೆ ಅವರ ನೂರ ಅರವತ್ತು, 1993ರಿಂದ ಇದೇ ದರ. ಅಂಗಡಿಯವರು "ಐಸಿಯಾ, ಎನ್‌ಸಿಯಾ?" ಅಂತ ಕೇಳುತ್ತಾರೆ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದು. ನೂರರ ನೋಟು ಜಾಸ್ತಿ ಇಟ್ಟುಕೊಳ್ಳಿ. 2016ರ ನೋಟು ರದ್ದತಿಯಲ್ಲಿ ಅಲ್ಲಿಯ ಜನರೂ ಪೆಟ್ಟು ತಿಂದಿದ್ದಾರೆ, ನಮ್ಮ ದೊಡ್ಡ ನೋಟು ಕಂಡರೆ ಅನುಮಾನ ಸಹಜ. ಯುಪಿಐ ಎರಡೂ ಕಡೆ ಶುರುವಾಗಿದೆ, ಭೂತಾನ್‌ನಲ್ಲಿ 2021ರಿಂದ, ನೇಪಾಳದಲ್ಲಿ 2024ರಿಂದ. ಆದರೆ ಬೆಟ್ಟದ ಟೀ ಅಂಗಡಿಯಲ್ಲಿ ಅದನ್ನೇ ನಂಬಿ ಕೂರಬೇಡಿ. ಗಡಿಯಾರ ನೇಪಾಳದಲ್ಲಿ ಕಾಲು ಗಂಟೆ, ಭೂತಾನ್‌ನಲ್ಲಿ ಅರ್ಧ ಗಂಟೆ ಮುಂದೆ. ಗಡಿ ಕಚೇರಿ ಮುಚ್ಚುವುದು ಅವರ ಗಡಿಯಾರದ ಪ್ರಕಾರ.

ಬಾಕಿ ಉಳಿದಿರುವುದು ಬ್ಯಾಂಕಿನ ಎನ್‌ಒಸಿ. ಕಾರಿನ ಸಾಲ ಇನ್ನೂ ತೀರಿಲ್ಲ, ಗಡಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಒಂದು ಪತ್ರ ಇರಲಿ ಅಂತ ಅರ್ಜಿ ಹಾಕಿದ್ದೇವೆ. ಸಾಲವೂ ಮಾಲೀಕರ ಹೆಸರಲ್ಲೇ ಇರುವುದರಿಂದ ಸೋಮವಾರ ಅವಳೇ ಹೋಗಿ ಸಹಿ ಹಾಕಬೇಕು. ಡ್ರೈವರ್ ಹೊರಗೆ ಪಾರ್ಕಿಂಗ್ ಹುಡುಕುತ್ತಾನೆ. ಮುಂದಿನ ವಿಡಿಯೋದಲ್ಲಿ ಡಿಕ್ಕಿ ಜೋಡಿಸುವುದು ತೋರಿಸುತ್ತೇನೆ. ಜೈಗಾಂವ್‌ನಲ್ಲಿ ಕಾರು ನಿಲ್ಲಿಸಿ ಹೋದವರು ಯಾರಾದರೂ ಇದ್ದರೆ, ಯಾವ ಕಡೆ ನಿಲ್ಲಿಸಿದಿರಿ, ದಿನಕ್ಕೆ ಎಷ್ಟು ಕೊಟ್ಟಿರಿ ಅಂತ ತಿಳಿಸಿ. ಹೊರಡುವುದರೊಳಗೆ ಅದೊಂದು ಗೊತ್ತಾಗಬೇಕು.